ಕೊನೆಯ ಮೂಟೆ

ಅಜ್ಜ ಥುಂದುಪ್ ಮೂಟೆ ಬಿಚ್ಚಿದ.
ಮೇಕೆಕೂದಲ ಚೀಲ, ಅಂಗೈಯಗಲದ ಬಾಯಿ.
ಗಡಿಯಾಚೆಯ ಸರೋವರದ ದಡದಲ್ಲಿ ಕೆರೆದು
ನಲವತ್ತು ಕುರಿಗಳ ಬೆನ್ನಿಗೆ ಹೇರಿ
ಹದಿನೇಳು ದಿನ ನಡೆದು ದೊಲ್ಪೊಗೆ ತಂದ ಉಪ್ಪು,
ಕೊನೆಯ ಸಲದ್ದು.

ನನ್ನ ಕೈಲಿ ಆರೋಗ್ಯ ಚೌಕಿಯವರು ಕೊಟ್ಟ ಪುಟ್ಟ ಸೀಸೆ.
ಒಂದು ಹನಿ ಬಿಡಬೇಕು. ಅಯೋಡಿನ್ ಇದ್ದರೆ
ಉಪ್ಪು ನೀಲಿಗೆ ತಿರುಗುತ್ತದೆ,
ಇಲ್ಲದಿದ್ದರೆ ಇಲ್ಲ.
ಊರಿನ ಮೂವತ್ತೊಂದು ಮನೆ ಮುಗಿಸಿದ್ದೆ.
ನಮ್ಮದನ್ನು ಕೊನೆಗಿಟ್ಟುಕೊಂಡಿದ್ದೆ,
ಯಾಕೆಂದು ಕೇಳಬೇಡಿ.

ಈ ಬೆಟ್ಟವೆಲ್ಲ ಒಂದು ಕಾಲಕ್ಕೆ ಕಡಲು, ಅನ್ನುತ್ತಾನೆ ಅಜ್ಜ.
ಸಾಕ್ಷಿ ಬೇಕೆ? ಹೊಳೆಯಲ್ಲಿ ಹೆಕ್ಕಿದ ಕರಿಕಲ್ಲು ಒಡೆದು
ಒಳಗೆ ಸುರುಳಿ ಸುತ್ತಿ ಮಲಗಿದ ಚಿಪ್ಪು ತೋರಿಸುತ್ತಾನೆ.
ತಗ್ಗಿನ ನಾಡವರು ಅದನ್ನೇ ಸಾಲಿಗ್ರಾಮವೆಂದು ಪೂಜಿಸುತ್ತಾರಂತೆ.
ಕಡಲು ಎದ್ದು ಹೋಯಿತು, ಸರಿ.
ಹೋಗುವಾಗ ಏನೇನು ಒಯ್ದಿತೆಂದು ಯಾರೂ ಲೆಕ್ಕ ಇಡಲಿಲ್ಲ.
ಉಳಿದಷ್ಟನ್ನು ಹಿಮ ತೊಳೆಯಿತು, ಮಳೆ ತೊಳೆಯಿತು,
ನದಿ ಹೊತ್ತುಕೊಂಡು ಹೋಗಿ ಒಪ್ಪಿಸಿತು.
ಹಾಗಾಗಿ ನಮ್ಮ ಬಾರ್ಲಿಯಲ್ಲಿ ಅದಿಲ್ಲ,
ಗೆಡ್ಡೆಯಲ್ಲಿಲ್ಲ, ಇಲ್ಲಿಯ ಹುಲ್ಲು ಮೇದ ಚಮರಿಯ ಹಾಲಲ್ಲಿಲ್ಲ.

ಬೇಕಾದದ್ದಾದರೂ ಎಷ್ಟು?
ಒಂದು ಜನ್ಮಕ್ಕೆ ಒಂದು ಚಹಾ ಚಮಚ.
ಅಷ್ಟೂ ಸಿಗದೆ ಗಂಟಲ ಗ್ರಂಥಿ
ಹಗಲಿರುಳು ಬಾಗಿಲು ತೆರೆದಿಟ್ಟು ಕಾಯುತ್ತದೆ,
ಬಾಗಿಲು ಸಾಲದೆಂದು ಮನೆಯನ್ನೇ ಹಿಗ್ಗಿಸುತ್ತದೆ.
ಹಸಿವಿಗೆ ಎಲ್ಲವೂ ಸೊರಗುವುದನ್ನು ಕಂಡಿದ್ದೇನೆ;
ಹಸಿದು ಹಸಿದು ದಪ್ಪಗಾಗುವುದು
ಈ ಗಳಗಂಡವೊಂದೇ.

ಅಜ್ಜನ ಅಕ್ಕ ಯಂಗ್ಜೋಮಳ ಕೊರಳಲ್ಲಿ ಹವಳದ ಸರವಿತ್ತು.
ಮದುವೆಯ ವರ್ಷ ಇಪ್ಪತ್ತಾರು ಮಣಿ.
ಮೊದಲ ಹೆರಿಗೆಯ ಮೇಲೆ ಮೂರು ಸೇರಿಸಿದರು,
ಆಮೇಲೆ ಎರಡು, ಆಮೇಲೆ ಹವಳ ಸಿಗದೆ
ಗಾಜಿನವು ನಾಲ್ಕು.
ನೆಂಟರು ಹೇಳುತ್ತಿದ್ದರು: ಗಂಡನಿಗೆ ಎಷ್ಟು ಪ್ರೀತಿ ನೋಡಿ!
ರಾತ್ರಿ ಆಕೆ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು,
ಉಸಿರಿಗೆ ದಾರಿ ಬೇಕಲ್ಲ.
ಎರಡನೆಯ ಮಗ ನೊರ್ಪೆಲ್ ಮಾತು ಕಲಿಯಲಿಲ್ಲ,
ಕರೆದರೆ ತಿರುಗಲಿಲ್ಲ.
ಅವನು ಕೈಯೆತ್ತಿದರೆ ಕುರಿಗಳು ಮಾತ್ರ ನಿಲ್ಲುತ್ತಿದ್ದವು.
ಉಪ್ಪಿನ ಹಾದಿಯಲ್ಲಿ ಮೂವತ್ತು ವರ್ಷ
ಅಜ್ಜನಿಗಿಂತ ಮುಂದೆ ನಡೆದವನು ಅವನೇ.

ಈಗ ಕೆಳಗಿನಿಂದ ಪ್ಯಾಕೆಟ್ಟು ಬರುತ್ತದೆ
ಹೇಸರಗತ್ತೆಗಳ ಮೇಲೆ,
ಅಜ್ಜನ ಬೆಲೆಯ ಅರ್ಧಕ್ಕೆ.
ಮೊದಲು ಅವನಂದ: ಔಷಧದ ವಾಸನೆ.
ಆಮೇಲಂದ: ಮಕ್ಕಳಾಗದಂತೆ ಸರ್ಕಾರ ಏನೋ ಬೆರೆಸಿದೆ.
ಕೊನೆಗೆ: ನನ್ನ ಉಪ್ಪು ತಿಂದವರು ನನ್ನನ್ನು ಮರೆತರು.
ಮೂರನೆಯದು ನಿಜ.

ಹನಿ ಬಿಟ್ಟೆ.
ಇಬ್ಬರೂ ಬಗ್ಗಿ ನೋಡಿದೆವು.
ಬಿಳಿ ಬಿಳಿಯಾಗಿಯೇ ಕೂತಿತ್ತು, ಒದ್ದೆಯಾಗಿ.
ಪ್ಯಾಕೆಟ್ಟಿನ ಚಿಟಿಕೆಗೂ ಒಂದು ಬಿಟ್ಟೆ:
ಕಲ್ಲಿಗೆ ಬಡಿದ ಮೊಣಕಾಲಿನ ಹಾಗೆ
ನೀಲಿಗಟ್ಟಿತು.

ಅಜ್ಜ ಎರಡು ಮೂಟೆಯಿಂದಲೂ ಒಂದೊಂದು ಹರಳು
ನಾಲಗೆಗಿಟ್ಟ. "ರುಚಿ ಒಂದೇ," ಅಂದ,
ಯಾರ ಮೇಲೋ ದೂರು ಹೇಳುವವನಂತೆ.
ಒಲೆಯ ಮೇಲೆ ಚಹಾ ಉಕ್ಕಿತು. ಇಬ್ಬರೂ ಏಳಲಿಲ್ಲ.
"ಯಂಗ್ಜೋಮಳಿಗೆ ನಾನೇ ಕೊಡುತ್ತಿದ್ದೆ.
ದುಡ್ಡು ತಗೊಳ್ಳುತ್ತಿರಲಿಲ್ಲ."

ನಿನಗೆ ಗೊತ್ತಿರಲಿಲ್ಲವಲ್ಲ ಅಜ್ಜ, ಎನ್ನಬೇಕಿತ್ತು.
ತರಬೇತಿಯಲ್ಲಿ ಕಲಿಸಿದ್ದು ಬಾಯಿಗೆ ಬಂತು:
ಮುಚ್ಚಳದ ಡಬ್ಬಿಯಲ್ಲಿಡಿ, ಒಲೆಯಿಂದ ದೂರವಿಡಿ,
ಅಡುಗೆ ಇಳಿಸಿದ ಮೇಲೆ ಹಾಕಿ.

ಆತ ಅಂಗೈ ಚಾಚಿದ.
"ಇಲ್ಲೂ ಒಂದು ಹನಿ."
ಅರವತ್ತು ವರ್ಷ ಉಪ್ಪು ತೂಗಿದ ಕೈ,
ಗೆರೆಗೆರೆಯೂ ಬಿರಿದು ಬೆಳ್ಳಗಾಗಿದೆ.
ಸೀಸೆಯಲ್ಲಿ ಉಳಿದದ್ದು ಕಡಿಮೆ,
ಕಣಿವೆಯಾಚೆಯ ಊರು ಇನ್ನೂ ಬಾಕಿ.

ಬಿಟ್ಟೆ.